ಅಳಿಯನ ನೀರು

ಮನೆ ಅಳಿಯ ಅಂದರೆ ಹೊಟ್ಟೆ ತುಂಬ ಉಂಡು ಮಗ್ಗುಲು ಬದಲಿಸುವವನು ಎಂದುಕೊಂಡವರು ಹರದನಹಳ್ಳಿಯ ಶಿವಸ್ವಾಮಿಯನ್ನು ನೋಡಿಲ್ಲ. ಗುಂಡ್ಲುಪೇಟೆ ಕಡೆಯ ಮೂವರು ಅಣ್ಣತಮ್ಮಂದಿರಲ್ಲಿ ಅವನು ನಡುವಿನವನು. ಐಟಿಐ ಮುಗಿಸಿ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್ ಆದ. ಗಂಡುಮಕ್ಕಳಿಲ್ಲದ ಪುಟ್ಟಮಾದಯ್ಯ ಹುಡುಗನನ್ನು ಮೆಚ್ಚಿ, ಒಬ್ಬಳೇ ಮಗಳು ಶಿವಲಕ್ಷ್ಮಿಯನ್ನು ಕೊಟ್ಟು, ಮನೆಯಲ್ಲೇ ಇಟ್ಟುಕೊಂಡ. "ಅಳಿಯ ಅಲ್ಲ ಕಣ್ರಪ್ಪ, ನನ್ ಮಗ" ಎಂದು ಊರಿಗೆಲ್ಲ ಹೇಳಿದ. ಹೇಳಿದ್ದೇನೂ ಸುಳ್ಳಲ್ಲ. ಮಗನನ್ನು ಹೇಗೆ ದುಡಿಸಬಹುದೋ ಹಾಗೇ ದುಡಿಸಿದ.

ಶಿಫ್ಟ್ ಮುಗಿಸಿ ಬೈಕ್ ನಿಲ್ಲಿಸುವಷ್ಟರಲ್ಲಿ ಒಳಗಿಂದ ಕೂಗು ಬರುತ್ತಿತ್ತು. "ಶಿವಸ್ವಾಮಿ, ಅಂಗೇ ಓಗಿ ಮೋಟ್ರು ಆಫ್ ಮಾಡ್ಬುಟ್ಟು ಬಾ." ಮೋಟ್ರು ಆದಮೇಲೆ ಹಸು, ಹಸು ಆದಮೇಲೆ ಅತ್ತೆ ಚಿಕ್ಕಮಾದಮ್ಮನ ಬಿಪಿ ಮಾತ್ರೆ. ಕೆಲಸಕ್ಕೆ ಅವನು ಬೇಸರಪಟ್ಟವನಲ್ಲ. ಆದರೆ ಆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾವನನ್ನು ಕೇಳಬೇಕಿತ್ತು. ಟಿವಿಯ ಚಾನೆಲ್ಲು, ಸಾರಿನ ಖಾರ, ಯಾವುದರಲ್ಲೂ ಅವನ ಮಾತು ನಡೆಯುತ್ತಿರಲಿಲ್ಲ. ಕೆಲವು ಸಂಜೆ ಊರ ಹೊರಗೇ ಬೈಕ್ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದ. ಉಸಿರು ಕಟ್ಟುತ್ತಿತ್ತು, ಪಾಪ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಹೊಡೆದವರಿಲ್ಲ, ಬೈದವರಿಲ್ಲ.

ಅತ್ತೆಯ ಮಾತ್ರೆಗೆಂದು ಚಾಮರಾಜನಗರಕ್ಕೆ ಹೋದಾಗಲೇ ಮೀನಿನ ಹುಚ್ಚು ಹತ್ತಿದ್ದು. ಮೆಡಿಕಲ್ ಸ್ಟೋರ್ ಪಕ್ಕ ಬಣ್ಣದ ಮೀನಿನ ಅಂಗಡಿ. ಒಂದೇ ಗಾಜಿನ ತೊಟ್ಟಿಯಲ್ಲಿ ಹತ್ತಾರು ಜಾತಿಯ ಮೀನು, ಒಂದನ್ನೊಂದು ಕೇಳದೆ, ಕೆಣಕದೆ ಓಡಾಡಿಕೊಂಡಿದ್ದವು. ಶಿವಸ್ವಾಮಿ ಮಾತ್ರೆ ಮರೆತು ನಿಂತ. ಹೊಸ ತೊಟ್ಟಿಯ ಬೆಲೆ ಕೇಳಿದ್ದೇ ಎರಡು ಹೆಜ್ಜೆ ಹಿಂದೆ ಬಂದ.

ಆದರೆ ಆಸೆ ಹಿಂದೆ ಬರಲಿಲ್ಲ. ಗುಂಡ್ಲುಪೇಟೆಯಲ್ಲಿ ಬೇಕರಿ ಮುಚ್ಚಿ ಕೇರಳಕ್ಕೆ ಹೊರಟಿದ್ದ ಒಬ್ಬ ಮಲಯಾಳಿ, ಮೂಲೆಗೆ ಬಿದ್ದಿದ್ದ ತನ್ನ ಹಳೇ ತೊಟ್ಟಿಯನ್ನು ಹೆಚ್ಚುಕಮ್ಮಿ ಪುಕ್ಕಟೆ ಕೊಟ್ಟ. ಕಂಬಳಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಸೋರುತ್ತಿದ್ದ ಮೂಲೆಗೆ ಸಿಲಿಕಾನ್ ಹಚ್ಚಿದ. ಮರಳು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದ. ನೀರು ತಣ್ಣಗಾಗದಿರಲೆಂದು ಹೀಟರ್ ಬದಲು ಹಿಂದೆ, ಅಕ್ಕಪಕ್ಕ ಥರ್ಮಾಕೋಲ್ ಕಟ್ಟಿದ. ಹೊಸದಾಗಿ ಕೊಂಡದ್ದು ಒಂದು ಸಣ್ಣ ಗಾಳಿ ಪಂಪು, ನೀರು ಶುದ್ಧ ಮಾಡುವ ಒಂದು ಸ್ಪಂಜು, ಅಷ್ಟೆ. ಎಲ್ಲಿಡಲಿ ಎಂದು ಮಾವನನ್ನು ಕೇಳಿದ. "ಆ ರಾಗಿ ಮೂಟೆ ಮೂಲೇಲಿ ಇಟ್ಕೊ. ಓಡಾಡೋಕೆ ಅಡ್ಡ ಆಗ್ಬಾರ್ದು" ಎಂಬ ಅಪ್ಪಣೆ ಸಿಕ್ಕಿತು.

ಆ ಸಂಜೆಯೇ ಮೀನು ಬಿಟ್ಟ. ವಾರ ಕಳೆಯುವುದರೊಳಗೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಅಂಗಡಿಯವನು ಚೆನ್ನಾಗಿ ಉಗಿದ. "ನೀರು ಒಸದು ಕಣಣ್ಣ. ಸ್ಪಂಜಲ್ಲಿ, ತಳದ ಮಳ್ಳಲ್ಲಿ ಕಣ್ಣಿಗೆ ಕಾಣ್ದಿರೋ ಜೀವ ಬೆಳೀಬೇಕು. ಮೀನಿನ ಗಲೀಜು ತಿಂದು ನೀರು ಕಾಯೋವು ಅವೇ. ಮೊದ್ಲು ನೀರು ಅಳೇದಾಗ್ಲಿ. ಆಮೇಲೂ ಅಷ್ಟೇ, ಸೊಲ್ಪ ಸೊಲ್ಪ ಬದಲಾಯ್ಸು. ಪೂರಾ ಚೆಲ್ಬುಟ್ಟು ತೊಳ್ದೆ ಅಂದ್ರೆ ಮತ್ತೆ ಇದೇ ಗತಿ."

ಹಾಗಾಗಿ ಶಿವಸ್ವಾಮಿ ತಿಂಗಳಿಗೂ ಮೇಲೆ ಬರಿ ನೀರು ಕಾದ. ಆ ಕಾಣದ ಜೀವಗಳು ಬೆಳೆಯಲಿ ಎಂದು ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದ. "ಮೀನೇ ಇಲ್ದ ನೀರ್‌ಗೆ ಉಣ್ಣಕ್ಕಿಕ್ತಾನಲ್ಲ ನಮ್ಮಪ್ಪ" ಎಂದು ಚಿಕ್ಕಮಾದಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿ ನಕ್ಕಳು. ಅವನೂ ನಕ್ಕ. ಆಮೇಲೆ ಒಂದೆರಡಾಗಿ ಗಪ್ಪಿ ಬಂದವು, ಕರೀ ಮೋಲಿ ಬಂದವು, ತಳದ ಮರಳು ಕೆದಕುವ ಮೀಸೆಮೀನು ಬಂತು. ಬೋರ್‌ವೆಲ್ಲಿನ ಗಡಸು ನೀರು ಗಪ್ಪಿ, ಮೋಲಿಗೆ ಚೆನ್ನಾಗಿ ಹಿಡಿಯಿತು. ಮೋಲಿ ಮರಿ ಹಾಕಿದ ದಿನ ಶಿವಸ್ವಾಮಿ ಕಾರ್ಖಾನೆಗೆ ತಡವಾಗಿ ಹೋದ. ಆ ಮನೆಯಲ್ಲಿ ಅವನು ಹೇಳಿದಂತೆ ನಡೆಯುತ್ತಿದ್ದ ಜಾಗ ಅದೊಂದೇ. ಅದರ ಮುಂದೆ ಕೂತರೆ ಎದೆ ಹಗುರಾಗುತ್ತಿತ್ತು.

ಹೀಗಿರುವಾಗ ಎದುರು ಮನೆಯ ದೊಡ್ಡಮಾದಮ್ಮ ತೀರಿಕೊಂಡಳು. ಪುಟ್ಟಮಾದಯ್ಯನ ಸ್ವಂತ ಚಿಕ್ಕಪ್ಪನ ಹೆಂಡತಿ. ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡಿದರು. ಸಾವಾದಾಗ ಒಂದೇ ಕುಲದ ಅಣ್ಣತಮ್ಮಂದಿರ ಮನೆಗಳಲ್ಲಿ ಹಿಡಿದಿಟ್ಟ ನೀರೆಲ್ಲ ಸೂತಕದ ನೀರು, ಚೆಲ್ಲಲೇಬೇಕು. ಹಂಡೆ ಚೆಲ್ಲಿದರು, ಬಿಂದಿಗೆ ಚೆಲ್ಲಿದರು, ಫ್ರಿಜ್ಜಿನ ಬಾಟಲಿಯನ್ನೂ ಬಿಡಲಿಲ್ಲ. ಸಂಪಿನ ನೀರಿಗೆ ಸೂತಕ ಯಾಕಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಚಿಕ್ಕಮಾದಮ್ಮ ಬಕೆಟ್ಟು ಹಿಡಿದು ತೊಟ್ಟಿಯ ಮುಂದೆ ನಿಂತಳು.

"ಮೀನ ಒಂದು ಬೋಸೀಲಿ ಆಕ್ಕೊಳಪ್ಪ. ಇದ್ನ ಚೆಲ್ಲಿ, ಮಳ್ಳ ತೊಳ್ದು, ಒಸ ನೀರು ಬುಡನ."

"ಚೆಲ್ಲಂಗಿಲ್ಲ ಅತ್ತೆ, ಸತ್ತೋಯ್ತವೆ."

"ಒಸ ನೀರಲ್ಲಿ ಯಾಕೆ ಸತ್ತಾವು?"

ಅವನು ಸ್ಪಂಜಿನ ಜೀವದ ಕತೆ ಹೇಳಿದ. ಕೇಳಿದವರಿಗೆ ಅದು ಹುಚ್ಚಿನಂತೆ ಕಂಡಿತು. ಬೇರೆಯವರ ಮನೆಗೆ ಸಾಗಿಸೋಣವೆಂದರೆ ಸೂತಕದ ನೀರನ್ನು ಯಾರು ಒಳಗೆ ಬಿಟ್ಟುಕೊಂಡಾರು? ಪುಟ್ಟಮಾದಯ್ಯ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. "ನೀರು ಅಂದ್ಮೇಲೆ ನೀರೇ ಕಣಪ್ಪ. ಊರಿಗೊಂದು, ನಮಗೊಂದಾ? ಚೆಲ್ಲು."

ಅತ್ತೆ ಬಕೆಟ್ಟನ್ನು ತೊಟ್ಟಿಯೊಳಗೆ ಅದ್ದಿದಳು. ಮೋಲಿಗಳು ಬೆದರಿ ಮೂಲೆಗೆ ಸರಿದವು. ಶಿವಸ್ವಾಮಿ ಅವಳ ಕೈ ಹಿಡಿದುಬಿಟ್ಟ.

"ಮಾವ, ಸೂತಕ ನಿಮಗೆ. ನನ್ ಕುಲ ಬೇರೆ. ತೊಟ್ಟಿ ನಂದು, ನೀರು ನಂದು. ನಂಗ್ಯಾವ ಸೂತಕ?"

ಹಿಂದೊಂದು ವರ್ಷ ಪುಟ್ಟಮಾದಯ್ಯನ ತಮ್ಮ ಸತ್ತಾಗ ಇದೇ ಶಿವಸ್ವಾಮಿ ಅಣ್ಣತಮ್ಮಂದಿರ ಸಾಲಿನಲ್ಲಿ ಕೂತು ಮೀಸೆ ತೆಗೆಸಿದ್ದ. ಅಳಿಯನಿಗೆ ಅದೆಲ್ಲ ಬೇಕಿಲ್ಲ ಎಂದ ಹಿರಿಯರ ಬಾಯಿ ಮುಚ್ಚಿಸಿ ಪುಟ್ಟಮಾದಯ್ಯ ಎದೆ ಉಬ್ಬಿಸಿಕೊಂಡು ಓಡಾಡಿದ್ದ. ಈಗ ಲೆಕ್ಕಕ್ಕೆ ನೋಡಿದರೆ ಅಳಿಯ ಹೇಳಿದ್ದೇ ಸರಿ.

ಪುಟ್ಟಮಾದಯ್ಯ ಮೀನುಗಳನ್ನು ತುಂಬ ಹೊತ್ತು ನೋಡಿದ. "ದಿಟ" ಎಂದ. "ಬುಡಮ್ಮಿ ಚಿಕ್ಕಮಾದಿ. ಅದು ಅಳಿಯಂದ್ರ ನೀರು."

ಗೆದ್ದೆ ಅಂದುಕೊಂಡ ಶಿವಸ್ವಾಮಿ. ಮಾರನೆಯ ಸಂಜೆ ಬೈಕ್ ನಿಲ್ಲಿಸಿದಾಗ ಒಳಗಿಂದ ಯಾರೂ ಕೂಗಲಿಲ್ಲ. ಮಾವ ತಾನೇ ಕಾಲೆಳೆದುಕೊಂಡು ಮೋಟ್ರು ಆಫ್ ಮಾಡಲು ಹೋಗಿದ್ದ. ಹಸುವಿಗೆ ಹುಲ್ಲು ಬಿದ್ದಿತ್ತು. ಅವನಿಗೆ ತಟ್ಟೆ ಮೊದಲು ಬಂತು, ಮುದ್ದೆಯ ಜೊತೆ ತುಪ್ಪವೂ ಬಂತು. ಮನೆಗೆ ಬಂದ ನೆಂಟನಿಗೆ ಬಡಿಸುವ ಹಾಗೆ.

ಹೊಲದಲ್ಲಿದ್ದ ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಅವನು ರಜೆ ಹಾಕಿ, ಪಂಚೆ ಉಟ್ಟು ಎಲ್ಲರ ಜೊತೆ ಬಾಗಿಲಿಗೆ ಬಂದ.

"ನೀವ್ಯಾಕೆ ತೊಂದ್ರೆ ತಕಂಡೀರಿ" ಎಂದ ಪುಟ್ಟಮಾದಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು. "ಸೂತಕ ನಮಗಲ್ವಾ. ಮನೇಲಿರಿ."

ಶಿವಸ್ವಾಮಿ ಹೆಂಡತಿಯ ಮುಖ ನೋಡಿದ. ಹಾಲಿನ ಚೊಂಬು ಹಿಡಿದಿದ್ದ ಶಿವಲಕ್ಷ್ಮಿ ಒಂದು ಗಳಿಗೆ ನಿಂತಳು. "ನಿಮ್ ನೀರು ಉಳೀತಲ್ಲ, ಕಾಯ್ಕಂಡಿರಿ" ಎಂದು ಅಪ್ಪನ ಹಿಂದೆ ಹೋದಳು.

ಅವನು ಒಳಗೆ ಬಂದು ತೊಟ್ಟಿಯ ಮುಂದೆ ಕೂತ. ಮೀನೆಲ್ಲ ಚೆನ್ನಾಗಿದ್ದವು. ಮೋಲಿಯ ಮರಿಗಳೂ ಬಲಿತಿದ್ದವು. ನೋಡುತ್ತಿದ್ದರೂ ಎದೆ ಹಗುರಾಗಲಿಲ್ಲ. ಎದ್ದು ಹೋಗೋಣವೆಂದರೆ ಎಲ್ಲಿಗೆ? ಗುಂಡ್ಲುಪೇಟೆಯ ಮನೆಯಲ್ಲಿ ಅವನ ಪಾಲಿನ ಕೋಣೆಯಲ್ಲಿ ತಮ್ಮನ ಸಂಸಾರವಿತ್ತು.

ಹಿಂದಿನ ಬೀದಿಯ ಮೂಗಮ್ಮ, ಸೂತಕದ ಮನೆಯವರಿಗೆಂದು ಅನ್ನ ಸಾರು ಮಾಡಿಕೊಂಡು ಬಾಗಿಲಿಗೆ ಬಂದಳು. ಕೂತಿದ್ದ ಶಿವಸ್ವಾಮಿಯನ್ನು ನೋಡಿದಳು, ಅವನ ಹಿಂದಿನ ಕತ್ತಲೆ ಕೋಣೆಯ ಕಡೆಗೂ ಬಗ್ಗಿ ನೋಡಿದಳು.

"ಮನೆಯೋರು ಯಾರೂ ಇಲ್ವಾ?"

"ನಾನಿಲ್ವಾ" ಎಂಬ ಮಾತು ಅವನ ಬಾಯಿವರೆಗೆ ಬಂತು. ಅದನ್ನು ಒಳಗೇ ಇಟ್ಟುಕೊಂಡ.

"ಯಾರೂ ಇಲ್ಲ ಕಣಕ್ಕ" ಎಂದ. "ಎಲ್ಲಾ ಒಲದ ತಾವ್ಕೆ ಓಗವ್ರೆ."