ಅಮಾವಾಸ್ಯೆಯ ಗುಡ್ಡ

ಅಕ್ಕಿ ಡಬ್ಬದ ಮುಚ್ಚಳ ತೆಗೆದೆ, ಸೀತಾಫಲದ ವಾಸನೆ ಗಮ್ಮೆಂದಿತು. ಹೋದ ವಾರ ಮೊಳಕಾಲ್ಮೂರಿನಿಂದ ತಂದ ಕಾಯಿಗಳನ್ನು ಹಣ್ಣಾಗಲೆಂದು ಅಕ್ಕಿಯೊಳಗೆ ಹೂತಿಟ್ಟು ಮರೆತೇಬಿಟ್ಟಿದ್ದೆ. ಒಂದನ್ನು ಎತ್ತಿಕೊಳ್ಳಹೋದರೆ ಬೆರಳು ಒಳಗೇ ಇಳಿಯಿತು. ಹಾಗೇ ನಿಂತುಬಿಟ್ಟೆ. ಒಲೆಯ ಮೇಲಿನ ಕುಕ್ಕರ್ ಕೂಗಿದ್ದು ಎಲ್ಲೋ ದೂರದಲ್ಲಿ ಕೇಳಿದಂತಿತ್ತು... ಅದಕ್ಕಿಂತ ಹತ್ತಿರದಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು.

"ಫೋನಮ್ಮಾ, ಎದ್ದಿದೀಯಾ? ಗುಡ್ಡ ಕಾಯ್ತಾ ಐತೆ, ಬಾರೇ."

ಹಾಗೆ ಕರೆಯುತ್ತಿದ್ದವಳು ಪಕ್ಕದ ಮನೆಯ ಅಕ್ಕ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಮೊಳಕಾಲ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಹೋಗಿದ್ದೆ. ಗುರುತಿನವರಿಲ್ಲ, ನೆಂಟರಿಲ್ಲ. ನನ್ನ ಬಾಡಿಗೆ ಕೋಣೆಗೂ ಅವರ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ. ಬೆಳಗಿನಿಂದ ಸಂಜೆಯವರೆಗೆ ಲಾಳಿಯ ಟಕಟಕ. ಅಕ್ಕ, ಭಾವ ಇಬ್ಬರೂ ನೇಯುವವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದಂಚಿಗೆ ಕುಳಿತು ನೇಯುವ ಕುಣಿಮಗ್ಗ ಅವರದು. ಅಕ್ಕನ ಮಗ್ಗ ಹಿಂಗೋಡೆಗೆ ಮುಖ ಮಾಡಿತ್ತು. ತಿಂಗಳಿಡೀ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ರೇಷ್ಮೆ, ಜರಿ, ಸುಣ್ಣ ಬಳಿದ ಆ ಗೋಡೆ ಅಷ್ಟೇ.

ಅಮಾವಾಸ್ಯೆಯ ದಿನ ಮಾತ್ರ ಮಗ್ಗಕ್ಕೆ ರಜೆ. ನೇಕಾರರ ಕೇರಿಯೇ ಅಂದು ಮೌನವಾಗುತ್ತಿತ್ತು. ಮಗ್ಗಕ್ಕೆ ಪೂಜೆ ಮುಗಿಸಿ ಉಳಿದ ಹೆಂಗಸರು ರಾಶಿ ಬಿದ್ದ ಬಟ್ಟೆ ಒಗೆಯಲು ಕೂತರೆ, ಅಕ್ಕ ರೊಟ್ಟಿ ಕಟ್ಟಿಕೊಂಡು ಊರ ಹಿಂದಿನ ಗುಡ್ಡಕ್ಕೆ ಹೊರಡುತ್ತಿದ್ದಳು. ಅವಳ ಮನೆಯಲ್ಲಿ ಕನ್ನಡದ್ದೊಂದು, ತೆಲುಗಿನದೊಂದು ಕ್ಯಾಲೆಂಡರ್ ತೂಗುತ್ತಿದ್ದವು. ಒಂದೊಂದು ತಿಂಗಳು ಒಂದರಲ್ಲಿ ಇವತ್ತು ಅಮಾವಾಸ್ಯೆ, ಇನ್ನೊಂದರಲ್ಲಿ ನಾಳೆ. ಅಕ್ಕ ಎರಡಕ್ಕೂ ಸಮನಾಗಿ ಮರ್ಯಾದೆ ಕೊಡುತ್ತಿದ್ದಳು! "ಊರಿಗೆಲ್ಲ ಒಂದು ಅಮಾಸೆ, ಇವಳಿಗೆ ಎರಡು" ಎಂದು ಭಾವ ಗೊಣಗಿದರೆ, "ದೇವ್ರ ವಿಷ್ಯ, ಸುಮ್ನಿರ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಾನು ಪಾಳಿ ಬದಲಿಸಿಕೊಂಡು ಅವಳ ಜೊತೆ ಹೋಗುತ್ತಿದ್ದೆ. ಆಫೀಸಿನವರೊಬ್ಬರು ಊಟಿಗೆ ಹೋಗಿಬಂದ ಫೋಟೋಗಳನ್ನು ಒಮ್ಮೆ ಅವಳಿಗೆ ತೋರಿಸಿದ್ದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಚೆಂದ ಐತೆ. ಆದ್ರೆ ಪಾಪ, ಅವ್ರಿಗೆ ವರ್ಷಕ್ಕೊಂದೇ ಸಲ. ನಮ್ದು ತಿಂಗ್ಳಿಗೊಂದು ಊಟಿ" ಎಂದಳು. ಅವಳು ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ.

ನಿಜವಾಗಿಯೂ ಅದು ಪ್ರತಿ ತಿಂಗಳೂ ಬೇರೆಯದೇ ಗುಡ್ಡ. ಬೇಸಿಗೆಯಲ್ಲಿ ನಸುಕಿಗೇ ಹತ್ತಬೇಕಿತ್ತು, ಆಗಲೂ ಹಿಂದಿನ ದಿನದ ಬಿಸಿಲು ಬಂಡೆಯಲ್ಲಿ ಬೆಚ್ಚಗೆ ಉಳಿದಿರುತ್ತಿತ್ತು. ಅದರ ಮೇಲೆ ಮಲಗಿ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊದಲ ಮಳೆ ಬಿದ್ದ ಮೇಲೆ ಮಖಮಲ್ಲಿನಂಥ ಕೆಂಪು ಹುಳಗಳು ಮಣ್ಣಿನಿಂದೆದ್ದು ಹರಿದಾಡುತ್ತಿದ್ದವು. ಆಗಲೇ ಕವಳೆಹಣ್ಣು, ತಿಂದರೆ ನಾಲಿಗೆಯೆಲ್ಲ ನೇರಳೆ. ಶ್ರಾವಣದಲ್ಲಿ ಗಾಳಿಯೋ ಗಾಳಿ. ತುದಿಯಲ್ಲಿ ನಿಂತು ಅಕ್ಕ ಸೆರಗು ಬಿಟ್ಟುಕೊಟ್ಟರೆ ಅದು ಆಂಧ್ರದ ಕಡೆಗೆ ಹಾರಲು ಎಳೆದಾಡುತ್ತಿತ್ತು. ದೀಪಾವಳಿ ಹೊತ್ತಿಗೆ ತಂಗಡಿ ಹೂವಿನಿಂದ ಇಳಿಜಾರೆಲ್ಲ ಹಳದಿ. ಸೀತಾಫಲ ಕೀಳುವಾಗ ಬುಟ್ಟಿಯ ಮೊದಲ ಹಣ್ಣನ್ನು ಒಡೆದು ಬಂಡೆಯ ಮೇಲಿಡುತ್ತಿದ್ದಳು, ಅದು ಕರಡಿಯ ಪಾಲಂತೆ. ಪುಷ್ಯದ ಮಂಜಿನಲ್ಲಿ ಊರು, ಕೆರೆ, ರಸ್ತೆ ಎಲ್ಲ ಮುಚ್ಚಿಹೋಗಿ ನಾವಿಬ್ಬರೇ ಬಿಳಿಯ ನಡುವೆ ಕೂತಿರುತ್ತಿದ್ದೆವು. ನವಿಲಿನ ಕೂಗು ಕೇಳಿಸುತ್ತಿತ್ತು, ನವಿಲು ಕಾಣುತ್ತಿರಲಿಲ್ಲ... ಆಗ ಏನು ಮಾತಾಡುತ್ತಿದ್ದೆವೋ ಒಂದೂ ನೆನಪಿಲ್ಲ. ಸುಖವಾಗಿದ್ದೆ ಎನ್ನುವುದಷ್ಟೇ ನೆನಪು.

ಒಂದು ಶ್ರಾವಣದಲ್ಲಿ ಪಾಚಿ ಕಟ್ಟಿದ ಬಂಡೆಯ ಮೇಲೆ ಅಕ್ಕ ಜಾರಿದಳು. ಮಂಡಿ ಒಡೆಯಿತು. ಹಲವು ತಿಂಗಳ ಮೇಲೆ ಹೇಗೋ ಕುಂಟುತ್ತ ಮಗ್ಗದ ಕುಣಿಗೆ ಇಳಿಯುವಂತಾದಳು, ಆದರೆ ಗುಡ್ಡ ಇನ್ನು ಇಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅಮಾವಾಸ್ಯೆ ಬಂದರೆ ಕೇರಿಯ ಮಗ್ಗಗಳೆಲ್ಲ ನಿಂತಿರುತ್ತಿದ್ದವು. ಅಕ್ಕ ಮಾತ್ರ ಕುಣಿಗೆ ಕಾಲು ಇಳಿಬಿಟ್ಟು, ನೇಯದೆ, ಗೋಡೆ ನೋಡುತ್ತ ಕೂತಿರುತ್ತಿದ್ದಳು. ಆ ಗೋಡೆಯ ಆಚೆಗೇ ಗುಡ್ಡ. ನಾನೊಬ್ಬಳೇ ಹತ್ತಿ ಹೂವು, ಹಣ್ಣು ತಂದು ಮಡಿಲಿಗೆ ಹಾಕಿದೆ. ಅವಳು ಮುಟ್ಟಲಿಲ್ಲ.

"ಹಣ್ಣು ಬ್ಯಾಡ ಫೋನಮ್ಮ. ನಂಗೆ ಗುಡ್ಡ ಬೇಕು."

ಗೋಡೆಗೆ ಒಂದು ಕಿಟಕಿ ಇಡಿಸಿ ಎಂದು ನಾನು ಭಾವನನ್ನು ಕೇಳಿದೆ. ಭಾವ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ಒಣಗಾಳಿ ಬಿದ್ರೆ ರೇಷ್ಮೆ ಎಳೆ ಪಟಪಟ ಅಂತ ಹರೀತಾವೆ ತಾಯಿ. ಮಗ್ಗದ ಮನೀಗೆ ಯಾವ ನೇಕಾರ ಕಿಟಕಿ ಇಡ್ತಾನೆ?" ಅದೂ ನಿಜವೇ. ಬೇಸಿಗೆಯಲ್ಲಿ ಅವರು ಬಾಗಿಲಿಗೂ ಒದ್ದೆ ಗೋಣಿಚೀಲ ಕಟ್ಟುತ್ತಿದ್ದರು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಗೋಡೆಯಾಚೆ ಭಾವನ ಮಾತು ಕೇಳಿ ಹೋಗಿ ನೋಡಿದೆ. ಅಕ್ಕನನ್ನು ಮಗ್ಗದಲ್ಲಿ ಕೂರಿಸಿ, ಕೈಗೆ ಕುಂಕುಮದ ಭರಣಿ ಕೊಟ್ಟಿದ್ದ. "ಗುಡ್ಡದ ತುದಿ ಎಲ್ಲೈತೆ, ಹೇಳು" ಎಂದ. ಅಕ್ಕ ಕೂತಲ್ಲಿಂದಲೇ ಬರೀ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕುಂಕುಮವನ್ನು ನನ್ನ ಬೆರಳಿಗೆ ಹಚ್ಚಿ, ಇನ್ನೂ ಮೇಲೆ, ಇನ್ನೂ ಆಚೆ, ಹಾಂ ಅಲ್ಲೇ, ಎಂದು ಬೊಟ್ಟು ಇಡಿಸಿದಳು. ಭಾವ ಅಲ್ಲೇ ಉಳಿ ಹೊಡೆದ. ಮಣ್ಣು ಉದುರಿ ಬೆಳಕು ಬಂದಾಗ ನೋಡಿದರೆ ಗುಡ್ಡದ ತುದಿ ಒಂದು ಗೇಣು ಎಡಕ್ಕಿತ್ತು. ಅಕ್ಕ ನಾಚಿಕೊಂಡಳು. ಭಾವ ಎಡಕ್ಕೆ ಒಡೆದು, ಬಲಕ್ಕೆ ಮಣ್ಣು ಮೆತ್ತಿದ. ಆಮೇಲೆ ಗೋಡೆಯಿಂದ ಅವರ ಮದುವೆಯ ಫೋಟೋ ಇಳಿಸಿ, ಅದರ ಗಾಜು ಬಿಚ್ಚಿ, ಆ ಕಿಂಡಿಗೆ ಕೂರಿಸಿ ಸುತ್ತ ಗಾರೆ ಮೆತ್ತಿದ. ಗಾಳಿ ಒಳಗೆ ಬರಲಿಲ್ಲ, ಗುಡ್ಡ ಬಂತು. ಅಕ್ಕ ಗಟ್ಟಿಯಾಗಿ ಅತ್ತುಬಿಟ್ಟಳು.

ಆಮೇಲಿನ ವರ್ಷಗಳಲ್ಲಿ ಗೋಡೆಯಾಚೆಯಿಂದ ಅವಳು ನನಗೆ ಕೂಗಿ ಹೇಳುತ್ತಿದ್ದಳು, ತಂಗಡಿ ಅರಳೈತೆ, ಮಂಜು ಇಳೀತಾ ಐತೆ... ಸೀರೆಯ ಅಂಚು ಸೊಟ್ಟಗಾದರೆ ಭಾವ, "ಗುಡ್ಡ ನೋಡ್ಕಂತ ನೇದ್ರೆ ಇನ್ನೇನಾಗ್ತದೆ" ಎಂದು ಬೈಯುತ್ತಿದ್ದ. ಎಕ್ಸ್‌ಚೇಂಜಿಗೆ ಯಂತ್ರಗಳು ಬಂದು ಆಪರೇಟರುಗಳು ಬೇಡವಾದಾಗ ನನಗೆ ವರ್ಗವಾಯಿತು. ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ವರ್ಷಗಳು ಹೋದವು.

ಹೋದ ವಾರ ಹೋದೆ. ಮಗ್ಗದ ಕುಣಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಬಾಡಿಗೆಗಿರುವ ಹೆಂಗಸು ಒಳಗೆ ಕರೆದು ನೀರು ಕೊಟ್ಟಳು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ಭಾವ ರಾಯದುರ್ಗಕ್ಕೆ, ತಮ್ಮನ ಮನೆಗೆ ಹೋದನಂತೆ, ಗಾಜಿಲ್ಲದ ಆ ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು.

"ಇಷ್ಟು ಕೆಳಗೆ ಯಾರ್ರೀ ಕಿಟಕಿ ಇಡ್ತಾರೆ? ನಮ್ಗೆ ಏನೂ ಕಾಣಾಕಿಲ್ಲ" ಎಂದು ಅವಳು ಗೋಡೆ ತೋರಿಸಿದಳು. "ಗಾಜು ಕಿತ್ಕೊಡ್ತೀವಿ, ಫೋಟೋಕ್ಕೆ ಹಾಕ್ಕಳ್ರಿ ಅಂದ್ವಿ. ಬ್ಯಾಡಮ್ಮಾ, ಅವ್ಳು ನೋಡ್ತಿರ್ತಾಳೆ ಅಂದ ಆ ಮುದುಕ."

ನಾನು ಟೈಲ್ಸ್ ಮೇಲೆ, ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅವಳು ನನಗಿಂತ ಗಿಡ್ಡ. ಸ್ವಲ್ಪ ತಲೆ ತಗ್ಗಿಸಿದ ಮೇಲೆ ಗುಡ್ಡದ ತುದಿ ಗಾಜಿನ ಸರಿಯಾಗಿ ನಡುವಿಗೆ ಬಂತು. ಸೀತಾಫಲದ ಕಾಲ, ಇಳಿಜಾರೆಲ್ಲ ಹಸಿರಾಗಿತ್ತು. ಏನು ಕಾಣುತ್ತದೆ ಎಂದು ಆ ಹೆಂಗಸು ಕೇಳಿದಳು. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.