ಚಕ್ರದ ಮೇಲಿನ ಪ್ರಯೋಗಾಲಯ

ಯಾವುದನ್ನೇ ಆಗಲಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವುದು ಮಹಾದೇವಿಗೆ ಆಗಿಬರುತ್ತಿರಲಿಲ್ಲ. ಮಸ್ಕಿಯ ಮನೆಯಲ್ಲಿ ಗ್ಯಾಸ್ ಒಲೆಯ ಮೇಜಿಗೂ ಚಕ್ರ ಹಾಕಿಸಿದ್ದಳು. "ಒಂದು ಕೆಟ್ಟರ ಅದನ್ನಷ್ಟ ಎಳದು ಹಾಕು. ಎಲ್ಲಾ ಯಾಕ ನಿಲ್ಲಬೇಕು?" ಎನ್ನುವಳು.

ಸಿಂಧನೂರಿನ ಅಕ್ಕಿ ಗಿರಣಿಯ ಪಕ್ಕದ ಗೋದಾಮಿನಲ್ಲಿ ಆಕೆ ಕಟ್ಟಿದ ಪ್ರಯೋಗಾಲಯವೂ ಹಾಗೇ. ಚಕ್ರವಿರುವ, ಅಲ್ಮಾರಿಯಷ್ಟು ಎತ್ತರದ ಡಬ್ಬಿಗಳು. ಒಂದು ತೂಗುತ್ತದೆ, ಒಂದು ಕಲಸುತ್ತದೆ, ಒಂದು ಸುಡುತ್ತದೆ, ಇನ್ನೊಂದು ಪರೀಕ್ಷಿಸುತ್ತದೆ. ಫಲಿತಾಂಶ ನೋಡಿ ಮುಂದಿನ ಪ್ರಯೋಗವನ್ನು ಕಂಪ್ಯೂಟರೇ ಆರಿಸುತ್ತದೆ. ಭತ್ತದ ಹೊಟ್ಟಿನ ಬೂದಿಯಿಂದ, ಕುಡಿಯುವ ನೀರಿನಲ್ಲಿ ಮೂಳೆ ಕೆಡಿಸುವ ಫ್ಲೋರೈಡ್ ಹೀರುವ ಹರಳು ಮಾಡುವುದು ಗುರಿ.

ಅದೇ ಹರಳಿಗಾಗಿ ನಾನು ಲಿಂಗಸುಗೂರಿನ ಕಾಲೇಜಿನಲ್ಲಿ, ಮಕ್ಕಳಿಗೆ ಪಾಠ ಹೇಳಿ ಮುಗಿಸಿ, ವರ್ಷಗಟ್ಟಲೆ ಕೈಯಿಂದಲೇ ಬೂದಿ ಕಲಸಿದ್ದೆ. ಎಂ.ಎಸ್ಸಿ.ಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಆಕೆಯ ಯಂತ್ರ ನನಗಿಂತ ಮೊದಲೇ ಅದನ್ನು ಕಂಡುಹಿಡಿದೀತು ಎಂಬ ಉರಿಗೆ ನನಗೆ ಊಟ ರುಚಿಸುತ್ತಿರಲಿಲ್ಲ.

ಒಮ್ಮೆ ಯಂತ್ರ ದಾರಿ ತಪ್ಪಿತು. ಒಂದೇ ಅಳತೆಯ ಪಾಕ ಒಮ್ಮೆ ಗಟ್ಟಿ ಹರಳಾದರೆ ಇನ್ನೊಮ್ಮೆ ಪುಡಿಪುಡಿ. ಗಿರಣಿ ಓಡುವಾಗ ನೆಲ ನಡುಗಿ ತಕ್ಕಡಿ ತಪ್ಪು ತೂಗುತ್ತಿತ್ತು, ಕಂಪ್ಯೂಟರ್ ಅದನ್ನೇ ನಂಬಿ ಮುಂದಿನ ಪಾಕಗಳನ್ನು ಆರಿಸುತ್ತಿತ್ತು. ನಾನು ಒಳಗೊಳಗೇ ಹಬ್ಬ ಮಾಡಿದೆ. ಆಕೆ ತೂಗುವ ಡಬ್ಬಿಯೊಂದನ್ನೇ ಹೊರಗೆಳೆದು, ಅದರಡಿ ಮರಳು ಹಾಸಿ, ತಪ್ಪು ಅಂಕಿಗಳನ್ನೆಲ್ಲ ಅಳಿಸಿ, ಸಂಜೆಯೊಳಗೆ ಮತ್ತೆ ಓಡಿಸಿದಳು. ನನ್ನ ಹಬ್ಬ ಅಲ್ಲಿಗೇ ಮುಗಿಯಿತು.

ಮುಂಗಾರಿಗೆ ಮೊದಲೇ ಹರಳು ಸಿಕ್ಕಿತು. ಅಷ್ಟು ಕಡಿಮೆ ಬಿಸಿಯಲ್ಲಿ ಸುಡಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ. ಬಾಯಿಮಾತಿಗೆ ಅಭಿನಂದನೆ ಹೇಳಿದೆ, ಸಂತೋಷಕ್ಕಂತೂ ಅಲ್ಲ.

ಕೊನೆಯ ಸಲ ಕಂಡದ್ದು ಡಬ್ಬಿಗಳನ್ನು ಲಾರಿಗೆ ಏರಿಸುವಾಗ. ಬ್ಯಾಟರಿಗೆ ಬೇಕಾದ ಹೊಸ ಪುಡಿ ಹುಡುಕಲು ಒಡಿಶಾಕ್ಕೆ ಹೊರಟಿದ್ದಳು. ಇಷ್ಟು ಹೆಸರು ಬರುವ ಹೊತ್ತಿನಲ್ಲಿ ಯಾಕೆ ಹೋಗುತ್ತೀ ಎಂದು ಕೇಳಿದೆ. ಆಕೆ ಹಗ್ಗ ಬಿಗಿಯುತ್ತಲೇ ಹೇಳಿದಳು: "ಕಟ್ಟೂತನಕ ಅಷ್ಟ ಈ ಯಂತ್ರ ನಂದು ಬೇ. ಓಡಾಕತ್ತಿದ ಮ್ಯಾಲ ನನ್ನ ಒಂದು ಮಾತೂ ಕೇಳಂಗಿಲ್ಲ. ಹರಳು ಹುಡುಕಿದ್ದೂ ಅದ, ನಾನಲ್ಲ. ಹರಳಿನ ಪಾಕದ ಅಳತಿ ಬರದು ನಿನಗ ಕಳಿಸೀನಿ, ನಿನ್ನ ಹುಡುಗರ ಕಡೆ ಮಾಡಸು. ಹೆಸರೂ ನೀನ ಇಟಗೋ."

ಈಗ ಹರಳು ನಮ್ಮ ಕಾಲೇಜಿನಲ್ಲೇ ತಯಾರಾಗುತ್ತದೆ. ಸುತ್ತಲಿನ ಹಳ್ಳಿಯವರು ನನಗೆ ಕೈ ಮುಗಿಯುತ್ತಾರೆ. ನಾನು ಬಯಸಿದ್ದೆಲ್ಲ ಸಿಕ್ಕಿದೆ, ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಇಷ್ಟನ್ನೆಲ್ಲ ಕೊಟ್ಟುಹೋದವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.