ನಿಲ್ ಬೇರೆ, ನೋಡಿಲ್ಲ ಬೇರೆ

ಇಂಗ್ಲಿಷ್ ಪರೀಕ್ಷೆಯಲ್ಲಿ ನಾನು ಎರಡು ಸಲ ಸೋತದ್ದು ಇಂಗ್ಲಿಷ್ ಬಾರದೆ ಅಲ್ಲ. ಹೀಗಂದರೆ ಕೇಳಿದವರು ನಗುತ್ತಾರೆ, ಸೋತವರೆಲ್ಲ ಹೇಳುವ ಮಾತೇ ಅದು ಅನ್ನುತ್ತಾರೆ. ನಗಲಿ. ಮಾತಾಡುವುದರಲ್ಲಿ, ಕೇಳಿಸಿಕೊಳ್ಳುವುದರಲ್ಲಿ, ಬರೆಯುವುದರಲ್ಲಿ ನನಗೆ ಬೇಕಾದಷ್ಟು ಅಂಕ ಬಂದಿತ್ತು. ಓದಿ ಅರ್ಥ ಮಾಡಿಕೊಂಡು ಉತ್ತರಿಸುವ ಭಾಗವೊಂದಿದೆ, ರೀಡಿಂಗ್ ಎಂದು. ಅಲ್ಲಿ ಮಾತ್ರ ಎರಡು ಸಲವೂ ಅರ್ಧ ಅಂಕ ಕಡಿಮೆ. ಆ ಅರ್ಧ ಅಂಕಕ್ಕಾಗಿ ಐರ್ಲೆಂಡಿನ ಆಸ್ಪತ್ರೆಯೊಂದರ ಕೆಲಸ ಕೈಗೆ ಬಂದೂ ಬಾಯಿಗೆ ಬಾರದೆ ನಿಂತಿತ್ತು. ಮೇ ಕೊನೆಯವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಅಂಕ ಕಳಿಸಿ, ಆಮೇಲೆ ಆ ಜಾಗ ಬೇರೆಯವರಿಗೆ ಎಂದು ಅವರು ಬರೆದಿದ್ದರು.

ನಾನು ನರ್ಸ್. ಸಕಲೇಶಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ಮನೆ ಹಾನುಬಾಳಿನ ಹತ್ತಿರ. ಮನೆಯಲ್ಲಿ ಮೂರೇ ಜನ: ಬಾಡಿಗೆ ಜೀಪ್ ಓಡಿಸುವ ನನ್ನ ಗಂಡ, ನಾನು, ನನ್ನ ಅಪ್ಪ. ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾನೆ. ಮೂವತ್ತೈದು ವರ್ಷ ಒಂದೇ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ ತೆಗೆಯುವುದು, ಸ್ಟೋರಿನ ಬೀಗ ನೋಡಿಕೊಳ್ಳುವುದು, ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದು ಅವನ ಕೆಲಸ. ಮೊದಲೆರಡು ಕೆಲಸ ಬಿಟ್ಟರೂ ಮೂರನೆಯದನ್ನು ಬಿಡಲಿಲ್ಲ. ನಮ್ಮ ಅಂಗಳದ ಮೂಲೆಯಲ್ಲಿ ಸ್ವಂತಕ್ಕೆ ಒಂದು ಮಳೆ ಮಾಪಕ ನೆಟ್ಟುಕೊಂಡಿದ್ದಾನೆ.

ನಾನು ಹೋಗುವ ವಿಷಯ ಮನೆಯಲ್ಲಿ ಒಂದೇ ಒಂದು ಸಲ ಸರಿಯಾಗಿ ಚರ್ಚೆಯಾದದ್ದು. ಆಲೂರು ತಾಲ್ಲೂಕಿನ ಮಗ್ಗೆಯಲ್ಲಿರುವ ಅಣ್ಣ ಆವತ್ತು ಬಂದಿದ್ದ. ಮೊದಲು ನಾನು ಹೋಗುವುದು, ಒಂದು ವರ್ಷ ಕಳೆದು ಗಂಡ ಬರುವುದು, ಅಪ್ಪ ಮಗ್ಗೆಯ ಅಣ್ಣನ ಮನೆಗೆ ಹೋಗಿ ಇರುವುದು ಎಂದು ತೀರ್ಮಾನವಾಯಿತು. ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತು ಕತ್ತಿಯ ಹಿಡಿಗೆ ತಂತಿ ಸುತ್ತುತ್ತಿದ್ದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ ಕಣೇ," ಅಂದ ಅಣ್ಣ, ಹೊರಡುವಾಗ. "ಅಪ್ಪಂಗೆ ಒಪ್ಗೆ ಐತೆ. ನೀ ಪಾಸಾಗೋದ್ ನೋಡು."

ನಾನೂ ಹಾಗೇ ಅಂದುಕೊಂಡೆ. ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ, ಅಪ್ಪನಿಗೆ ಮಗ್ಗೆ ಅಂದರೆ ಬಹಳ ಇಷ್ಟ, ಅಲ್ಲಿ ಗದ್ದೆ ಇದೆ, ಮೊಮ್ಮಕ್ಕಳಿದ್ದಾರೆ ಎಂದು ಧಾರಾಳವಾಗಿ ಹೇಳುತ್ತಿದ್ದೆ.

ಇನ್ನು ಆ ಹಾಳು ರೀಡಿಂಗ್ ವಿಷಯ. ಒಂದು ಉದ್ದನೆಯ ಬರಹ ಕೊಡುತ್ತಾರೆ, ಪ್ಯಾಸೇಜ್ ಎನ್ನುತ್ತಾರೆ. ಅದರ ಕೆಳಗೆ ಒಂದೊಂದೇ ವಾಕ್ಯ. ಪ್ಯಾಸೇಜಿನ ಪ್ರಕಾರ ಆ ವಾಕ್ಯ ನಿಜವೋ, ಸುಳ್ಳೋ, ಅಥವಾ ಆ ಬಗ್ಗೆ ಏನೂ ಹೇಳಿಲ್ಲವೋ ಎಂದು ಗುರುತು ಹಾಕಬೇಕು. ಈ ಮೂರನೆಯದಕ್ಕೆ ನಾಟ್ ಗಿವನ್ ಎಂದು ಹೆಸರು. ನನ್ನ ಅರ್ಧ ಅಂಕ ಹೂತುಹೋಗಿದ್ದದ್ದು ಅದರಲ್ಲೇ.

ನಮ್ಮ ಕಡೆ 'ಗೊತ್ತಿಲ್ಲ' ಅನ್ನುವ ಪದ್ಧತಿ ಇಲ್ಲವೆಂದೇ ಹೇಳಬೇಕು. ಯಾರಾದರೂ ಗಾಡಿ ನಿಲ್ಲಿಸಿ ದಾರಿ ಕೇಳಿದರೆ, ಗೊತ್ತಿರಲಿ ಬಿಡಲಿ, ಹೀಗೇ ಹೋಗಿ ಎಂದು ಕೈ ತೋರಿಸುತ್ತೇವೆ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಆಸ್ಪತ್ರೆಯಲ್ಲೂ ಅಷ್ಟೇ. ರೋಗಿಗೆ ಜ್ವರ ಯಾವಾಗಿನಿಂದ ಎಂದರೆ ಜೊತೆಗೆ ಬಂದ ಮೂರು ಜನ ಮೂರು ಉತ್ತರ ಕೊಡುತ್ತಾರೆ, ಅದರಲ್ಲಿ ಒಬ್ಬರು ಪಕ್ಕದ ಮನೆಯವರು. ಅಂಥ ಊರಿನಲ್ಲಿ ಹುಟ್ಟಿದ ನನಗೆ, ಗೊತ್ತಿರುವುದನ್ನು ಗೊತ್ತಿಲ್ಲ ಅಂತ ಬರೆಯಿರಿ ಎಂದರೆ ಹೇಗಾಗಬೇಡ?

ಮೂರನೇ ಸಲಕ್ಕೆ ಫೋನಿನಲ್ಲಿ ಪಾಠ ಹೇಳುವ ಒಬ್ಬ ಮೇಡಂ ಸಿಕ್ಕರು. ನನಗಿಂತ ಹತ್ತು ವರ್ಷ ಚಿಕ್ಕವರು, ಹಾಸನದವರು. ಬೆಳಗಿನ ಪಾಳಿ ಮುಗಿಸಿ ಬಂದು, ಸಿಗ್ನಲ್ ಬರುವ ಹಿತ್ತಿಲ ಕಟ್ಟೆಯ ಮೇಲೆ ಕೂತು ಅವರ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಮೊದಲ ವಾರವೇ ಕಾಫಿಯ ಬಗ್ಗೆ ಒಂದು ಪ್ಯಾಸೇಜ್ ಬಂತು. ನನಗೆ ಹಬ್ಬ. ನೆರಳಿನಲ್ಲಿ ಬೆಳೆದ ಕಾಫಿಗೆ ರುಚಿ ಹೆಚ್ಚು ಎಂಬ ವಾಕ್ಯಕ್ಕೆ ಕಣ್ಣು ಮುಚ್ಚಿ ನಿಜ ಎಂದು ಹಾಕಿದೆ. ತಪ್ಪು ಎಂದರು.

"ಸಿಸ್ಟರ್, ಹಾಗಂತ ಪ್ಯಾಸೇಜಲ್ಲಿ ಎಲ್ಲಿದೆ ತೋರಿಸಿ."

"ಪ್ಯಾಸೇಜಲ್ಲಿ ಯಾಕಿರಬೇಕು ಮೇಡಂ? ನಮ್ಮೂರಿಗೆ ಬನ್ನಿ, ತೋಟದಲ್ಲೇ ತೋರಿಸ್ತೀನಿ."

"ನಾನು ಬರ್ತೀನಿ. ಅಂಕ ಕೊಡೋರು ಬರಲ್ಲವಲ್ಲ!"

ನನಗೆ ಕೋಪ ನೆತ್ತಿಗೇರಿತು. ಕಾಫಿ ಗಿಡದ ಬುಡದಲ್ಲಿ ಆಡಿ ಬೆಳೆದವಳಿಗೆ ಕಾಫಿಯ ಪಾಠ ಹೇಳುವುದಕ್ಕೆ ಇವರು ಯಾರು ಅನ್ನಿಸಿತು. ಅದಾದ ಮೇಲೆ ಸೋಂಕಿನ ಬಗ್ಗೆ ಬಂದ ಪ್ಯಾಸೇಜಿನಲ್ಲಿ ನಾಲ್ಕು ತಪ್ಪು, ಜೇನಿನ ಬಗ್ಗೆ ಬಂದದ್ದರಲ್ಲಿ ಮೂರು ತಪ್ಪು. ತಮಾಷೆಯೆಂದರೆ ತಿಮಿಂಗಿಲದ ಬಗ್ಗೆ, ಯಾವುದೋ ಹಿಮದ ದೇಶದ ಹಳೆಯ ಗಾಜಿನ ಕಾರ್ಖಾನೆಯ ಬಗ್ಗೆ ಬಂದರೆ ನನ್ನದು ಒಂದೂ ತಪ್ಪಾಗುತ್ತಿರಲಿಲ್ಲ. ಗೊತ್ತಿಲ್ಲದ್ದರಲ್ಲಿ ನಾನು ಜಾಣೆ, ಗೊತ್ತಿರುವುದರಲ್ಲಿ ದಡ್ಡಿ.

"ನಿಮ್ಮ ತಲೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು ಓದಿ ಸಿಸ್ಟರ್," ಅಂದರು ಮೇಡಂ. ಹೇಳುವುದು ಸುಲಭ. ತಲೆ ಪಕ್ಕಕ್ಕಿಟ್ಟ ಮೇಲೆ ಓದುವುದು ಯಾವುದರಿಂದ?

ಒಂದು ಮಧ್ಯಾಹ್ನ ಆನೆಯ ಪ್ಯಾಸೇಜ್ ಸಿಕ್ಕಿತು. ಆನೆಗಳು ರಾತ್ರಿ ಹೊತ್ತು ಮಾತ್ರ ಸಂಚರಿಸುತ್ತವೆ ಎಂಬ ವಾಕ್ಯ. ಸುಳ್ಳು ಎಂದು ಹಾಕಿ ಉತ್ತರದ ಪುಟ ತಿರುಗಿಸಿದರೆ ಮತ್ತೆ ಅದೇ ನಾಟ್ ಗಿವನ್. ಪುಸ್ತಕವನ್ನು ಕಟ್ಟೆಯ ಮೇಲೆ ಬಡಿದೆ. ಕಾಳುಮೆಣಸು ಒಣಹಾಕುತ್ತಿದ್ದ ಅಪ್ಪ ತಿರುಗಿ ನೋಡಿದ.

"ಬುಕ್ ಏನ್ ಮಾಡ್ತು ನಿಂಗೆ, ಅದ್ರ ಮೇಲೆ ಸಿಟ್ ತೀರುಸ್ಕೊತಿದ್ದೀಯ?"

ವಿಷಯ ಹೇಳಿದೆ. ಅಪ್ಪನಿಗೆ ಬರುವ ಇಂಗ್ಲಿಷ್ ಎಸ್ಟೇಟಿನ ಇಂಗ್ಲಿಷ್, ಗೊಬ್ಬರದ ಚೀಲದ ಮೇಲಿನದು. ಆದರೂ ಹತ್ತಿರ ಬಂದು ಕೂತ.

"ಅದ್ರಲ್ಲಿ ಏನ್ ಬರ್ದವ್ರೆ ಪೂರಾ ಓದು. ಕನ್ನಡ್ದಲ್ಲಿ ಹೇಳು."

ಹೇಳಿದೆ. ಆನೆಗಳು ರಾತ್ರಿ ಬೆಳೆಗೆ ನುಗ್ಗುತ್ತವೆ, ರೈತರು ಕಾವಲು ಕಾಯುತ್ತಾರೆ ಎಂದಷ್ಟೇ ಇತ್ತು.

"ಹಗಲೊತ್ತು ತಿರುಗಾಡ್ತವೋ ಇಲ್ವೋ, ಏನಾರ ಹೇಳವ್ರಾ?"

"ಹೇಳಿಲ್ಲ."

"ಮತ್ತೆ ನೀ ಯಾಕ್ ಹೇಳಕ್ ಹೋದೆ?"

"ನಾವು ನೋಡಿಲ್ವಾ ಅಪ್ಪ? ಹೋದ ವರ್ಷ ಬೆಳಿಗ್ಗೆ ಹತ್ತು ಗಂಟೇಲಿ ಗದ್ದೆ ಬಯಲಲ್ಲಿ ಮೂರು ಆನೆ ನಿಂತಿರ್ಲಿಲ್ವಾ?"

"ನಾವ್ ನೋಡಿದ್ದು ನಮ್ ಬುಕ್ಕಲ್ಲಿ ಬರ್ಕಳಾಣ. ಅವ್ರ ಬುಕ್ಕಲ್ಲಿ ಅವ್ರು ನೋಡಿದ್ದಷ್ಟೇ ಐತೆ."

ಆ ಪ್ಯಾಸೇಜಿನ ಹತ್ತು ಪ್ರಶ್ನೆಗಳನ್ನೂ ಒಂದೊಂದಾಗಿ ಕನ್ನಡದಲ್ಲಿ ಕೇಳುತ್ತಾ ಹೋದೆ. ಅಪ್ಪ ಎಂಟು ಸರಿ ಹೇಳಿದ. ನನ್ನದು ಐದು ಸರಿಯಿತ್ತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇಂಗ್ಲಿಷ್ ಬಾರದ ಎಪ್ಪತ್ತು ದಾಟಿದ ಮನುಷ್ಯ ಐರ್ಲೆಂಡಿಗೆ ಹೋಗಲು ನನಗಿಂತ ಲಾಯಕ್ಕಾಗಿದ್ದ.

"ನಿಂಗೆ ಹೆಂಗ್ ಗೊತ್ತಾಗುತ್ತೆ?" ಅಂದೆ.

ಅಪ್ಪ ಒಳಗೆ ಹೋಗಿ ಟ್ರಂಕಿನಿಂದ ಒಂದು ಉದ್ದನೆಯ ಪುಸ್ತಕ ತಂದ. ಎಸ್ಟೇಟಿನ ಮಳೆ ಪುಸ್ತಕಕ್ಕೆ ಅವನು ತನಗಾಗಿ ಇಟ್ಟುಕೊಂಡಿದ್ದ ನಕಲು. ಒಂದು ಕಡೆ ತಾರೀಕು, ಇನ್ನೊಂದು ಕಡೆ ಇಂಚು ಮತ್ತು ಸೆಂಟ್. ನೂರು ಸೆಂಟ್ ಮಳೆಯಾದರೆ ಒಂದು ಇಂಚು. ಮಳೆ ಬಾರದ ದಿನ ನಿಲ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಬೇಸಿಗೆಯ ತಿಂಗಳುಗಳಲ್ಲಿ ಪುಟದ ತುಂಬ ನಿಲ್. ಒಂದು ಮಾರ್ಚಿನ ಪುಟದಲ್ಲಿ ಎರಡು ಸಾಲಿಗೆ ಮಾತ್ರ ಕನ್ನಡದಲ್ಲಿ 'ನೋಡಿಲ್ಲ' ಎಂದಿತ್ತು. ಅದರ ಕೆಳಗೆ, ಮೂರು ದಿನದ್ದು ಸೇರಿ ಒಂದು ಇಂಚು ಹತ್ತು ಸೆಂಟ್ ಎಂದಿತ್ತು.

"ನಿಲ್ ಬೇರೆ, ನೋಡಿಲ್ಲ ಬೇರೆ ಕಣವ್ವ," ಅಂದ ಅಪ್ಪ. "ನೋಡ್ದೆ, ನೀರಿರ್ಲಿಲ್ಲ, ಅದು ನಿಲ್. ಇಲ್ಲಿ ಎರಡು ದಿನ ನಾನೇ ಇರ್ಲಿಲ್ಲ. ಅಳೆಯೋ ಗ್ಲಾಸ್ ಬೀರುವಲ್ಲಿತ್ತು, ಬೀಗದ್ ಕೈ ನನ್ ಜೇಬಲ್ಲಿ. ಬಂದ್ಮೇಲೆ ಒಟ್ಟಿಗೆ ಅಳೆದೆ."

ಅದು ಹೂಮಳೆಯ ಕಾಲ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂವಾಗುತ್ತದೆ, ಹಾಗಾಗಿ ಯಾವ ದಿನ ಎಷ್ಟು ಎನ್ನುವುದು ತೋಟದ ಸಾವ್ಕಾರರಿಗೆ ಮುಖ್ಯ. ಪಕ್ಕದ ಎಸ್ಟೇಟಿನಲ್ಲಿ ಮೊದಲ ದಿನ ಅರವತ್ತು, ಎರಡನೇ ದಿನ ಐವತ್ತಂತೆ, ಹಾಗೇ ಹಂಚಿ ಬರೆದುಬಿಡು ಎಂದು ಅವರು ಹೇಳಿದರಂತೆ. ಲೆಕ್ಕ ಸರಿಹೋಗುತ್ತಿತ್ತು. ಆದರೂ ಅಪ್ಪ ಬರೆಯಲಿಲ್ಲ. ನಾನು ಕಂಡಿಲ್ಲ ಸಾವ್ಕಾರ್ರೆ, ಬೇಕಾದ್ರೆ ನೀವೇ ಬರ್ಕೊಳ್ಳಿ ಎಂದು ಪೆನ್ನು ಮುಂದೆ ಇಟ್ಟನಂತೆ. ಅವರು ಬೈದರಂತೆ, ಪೆನ್ನು ಮಾತ್ರ ಮುಟ್ಟಲಿಲ್ಲವಂತೆ.

"ಎರಡು ದಿನ ಎಲ್ಲಿ ಹೋಗಿದ್ದೆ?" ಎಂದು ಕೇಳುತ್ತಲೇ ತಾರೀಕಿನ ಮೇಲೆ ಕಣ್ಣು ಬಿತ್ತು. ಎರಡನೆಯ 'ನೋಡಿಲ್ಲ' ನಾನು ಹುಟ್ಟಿದ ದಿನ.

"ಹಾಸನದ ಆಸ್ಪತ್ರೇಲಿದ್ದೆ," ಅಂದ ಅಪ್ಪ, ಮೆಣಸಿನ ಕಡೆ ಹೋಗುತ್ತಾ. ಆ ಮನುಷ್ಯ ಮೂವತ್ತೈದು ವರ್ಷದಲ್ಲಿ ಮಳೆಗೆ ಬೆನ್ನು ತಿರುಗಿಸಿದ್ದು ಆ ಎರಡೇ ದಿನ ಎಂದು ಬರೆಯಬೇಕೆನ್ನಿಸುತ್ತದೆ. ಆದರೆ ಎಲ್ಲ ಪುಸ್ತಕಗಳನ್ನೂ ನಾನು ನೋಡಿಲ್ಲ.

ಅಲ್ಲಿಂದ ಮುಂದೆ ಅದೇ ನಮ್ಮ ಅಭ್ಯಾಸವಾಯಿತು. ನಾನು ಪ್ಯಾಸೇಜ್ ಓದಿ ಕನ್ನಡದಲ್ಲಿ ಹೇಳುವುದು, ಪ್ರಶ್ನೆ ಕೇಳುವುದು. ಅಪ್ಪ ಕೈಯಲ್ಲಿದ್ದ ಕೆಲಸ ಬಿಡದೆ ನಿಜ, ಸುಳ್ಳಿಗೆ ನಿಲ್, ನಾಟ್ ಗಿವನ್‌ಗೆ ನೋಡಿಲ್ಲ ಎಂದು ಹೇಳುವುದು. ನಾನು ಹೆಚ್ಚು ವಾದಿಸಿದರೆ, "ಯಾವ ಸಾಲಲ್ಲೈತೆ, ಬೆರಳಿಟ್ಟು ತೋರ್ಸು" ಅನ್ನುತ್ತಿದ್ದ. ಬೆರಳಿಡಲು ಜಾಗ ಸಿಗದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಮಾರ್ಚ್ ಹೋಯಿತು, ಏಪ್ರಿಲ್ ಬಂತು. ಹತ್ತಕ್ಕೆ ಒಂಬತ್ತು ಸರಿ ಬರತೊಡಗಿತು. ಮೇಡಂ, ಏನು ಮಾಡಿದಿರಿ ಸಿಸ್ಟರ್ ಎಂದು ಆಶ್ಚರ್ಯಪಟ್ಟರು. ಮನೆಯಲ್ಲಿ ಬೇರೆ ಮೇಷ್ಟ್ರು ಇಟ್ಟುಕೊಂಡಿದ್ದೇನೆ ಎಂದೆ.

ಪರೀಕ್ಷೆಯಲ್ಲಿ ಬಂದದ್ದು ಆಸ್ಪತ್ರೆಗಳಲ್ಲಿ ಕೈ ತೊಳೆಯುವ ಅಭ್ಯಾಸದ ಬಗ್ಗೆ. ಹದಿಮೂರು ವರ್ಷದಿಂದ ದಿನಕ್ಕೆ ಐವತ್ತು ಸಲ ಕೈ ತೊಳೆದವಳು ನಾನು! ಒಂದು ವಾಕ್ಯಕ್ಕೆ ನಿಜ ಎಂದು ಹಾಕಲು ಕೈ ತುರಿಸಿತು. ಪ್ಯಾಸೇಜಿನ ಸಾಲು ಸಾಲಿನ ಮೇಲೂ ಬೆರಳು ಓಡಿಸಿದೆ. ಬೆರಳಿಡಲು ಎಲ್ಲೂ ಜಾಗವಿರಲಿಲ್ಲ. ನಾಟ್ ಗಿವನ್ ಎಂದು ಹಾಕಿ ಮುಂದೆ ಹೋದೆ.

ಮೇ ಮೂರನೇ ವಾರ ಫಲಿತಾಂಶ ಬಂತು. ಕೆಲಸ ಮುಗಿಸಿ ಬರುವಾಗ ಆನೇಮಹಲ್‌ನಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ನಿಂತಿತ್ತು, ಅಲ್ಲೇ ಫೋನಿನಲ್ಲಿ ನೋಡಿದೆ. ರೀಡಿಂಗಿನಲ್ಲಿ ಬೇಕಾದದ್ದಕ್ಕಿಂತ ಅರ್ಧ ಅಂಕ ಜಾಸ್ತಿ. ಬಸ್ಸಿನಿಂದಲೇ ಮನೆಗೆ ಫೋನ್ ಮಾಡಿ ಹೇಳಿದೆ. ನಾನು ಬರುವಷ್ಟರಲ್ಲಿ ಗಂಡ ಅಣ್ಣನಿಗೆ ಫೋನ್ ಮಾಡಿಯಾಗಿತ್ತು. ಜೂನ್ ಒಂದಕ್ಕೆ ಗಾಡಿ ತರುತ್ತೇನೆ, ಅಪ್ಪನ ಟ್ರಂಕು, ಮಂಚ ಎಲ್ಲ ಒಂದೇ ಸಲಕ್ಕೆ ಸಾಗಿಸಿಬಿಡೋಣ ಎಂದು ಅಣ್ಣ ಅಂದಿದ್ದನಂತೆ. ಅಪ್ಪ "ಒಳ್ಳೇದಾಯ್ತು ಕಣವ್ವ" ಎಂದು ನನ್ನ ತಲೆ ಸವರಿ, ಊಟ ಮಾಡಿ ಮಲಗಿದ.

ನನಗೆ ಖುಷಿಯಾಗಬೇಕಿತ್ತು. ಆಗಿತ್ತು ಕೂಡ. ಆದರೆ ಅಪ್ಪನಿಗೆ ಮಗ್ಗೆ ಇಷ್ಟ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಅದು ಯಾವ ಸಾಲಿನಲ್ಲಿತ್ತು ಎಂದು ಆವತ್ತು ಮೊದಲ ಬಾರಿ ಹುಡುಕಿದೆ. ಅಪ್ಪ ಅಂಥದ್ದೊಂದು ಮಾತು ಆಡಿದ್ದೇ ಇಲ್ಲ. ತಂತಿ ಸುತ್ತುತ್ತಾ ಕೂತಿದ್ದ ಅಷ್ಟೇ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅಪ್ಪನ ಹಿಂದೆಯೇ ಅಂಗಳದ ಮೂಲೆಗೆ ಹೋದೆ. ಅಪ್ಪ ಮಾಪಕದ ನೀರನ್ನು ಗ್ಲಾಸಿಗೆ ಬಗ್ಗಿಸಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದ.

"ಅಪ್ಪ, ನಾನು ಐರ್ಲೆಂಡಿಗೆ ಹೋಗೋದು ನಿಂಗೆ ಇಷ್ಟ ಐತಾ?"

"ಮೂವತ್ತೆರಡು," ಅಂದ. ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿದ. ಆಮೇಲೆ ನನ್ನ ಕಡೆ ನೋಡಿ, "ಇಲ್ಲ," ಅಂದ.

"ಮಗ್ಗೆಗೆ ಹೋಗೋದು?"

"ಅದೂ ಇಲ್ಲ."

"ಮತ್ತೆ ಆವತ್ತು ಯಾಕೆ ಸುಮ್ನೆ ಕೂತಿದ್ದೆ?"

"ನನ್ನ ಯಾರ್ ಕೇಳುದ್ರಿ? ನೀವ್ ನೀವೇ ಮಾತಾಡ್ಕೊಂಡು ಮುಗಿಸ್ಬುಟ್ರಿ."

ನನ್ನ ಕಣ್ಣಲ್ಲಿ ನೀರು ಬಂತು. "ಹಂಗಾದ್ರೆ ನಾನು ಹೋಗಲ್ಲ ಬಿಡು," ಅಂದೆ.

ಅಪ್ಪನಿಗೆ ರೇಗಿತು. "ಇಷ್ಟ ಇಲ್ಲ ಅಂದೆ. ಹೋಗ್ಬ್ಯಾಡ ಅಂದ್ನಾ? ಹೇಳ್ದೇ ಇರೋದ್ನ ಯಾಕ್ ಓದ್ಕಂತೀಯ? ಇಷ್ಟ್ ಕಷ್ಟ ಪಟ್ಟು ಪಾಸಾದೋಳು!" ಗ್ಲಾಸನ್ನು ಪಂಚೆಯ ತುದಿಯಿಂದ ಒರೆಸಿದ. ಒರೆಸುತ್ತಾ ದನಿ ಇಳಿಯಿತು. "ಹೋಗು ನೀನು. ಮಗ್ಗೆಗೆ ಮಾತ್ರ ನಾ ಹೋಗಲ್ಲ ಅಂತ ನಿಮ್ಮಣ್ಣಂಗೆ ಹೇಳು. ಅಳಿಯ ಇರೋವರ್ಗೂ ಇಲ್ಲೇ ಇರ್ತೀನಿ. ಆಮೇಲಿಂದು ಆಮೇಲೆ ಕೇಳಿ, ಹೇಳ್ತೀನಿ."

ಕಂಕುಳಲ್ಲಿದ್ದ ಮಳೆ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟ.

"ಹೋಗೋವರ್ಗೂ ನೀನೇ ಬರಿ. ನಂಗೆ ಈಗ ಗ್ಲಾಸಿನ ಗೆರೆ ಸರಿಯಾಗಿ ಕಾಣಲ್ಲ."

ಅದನ್ನೂ ಅಪ್ಪ ಅಲ್ಲಿಯವರೆಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗ್ಲಾಸು ಖಾಲಿಯಾಗಿತ್ತು, ನಾನು ನೀರನ್ನು ಕಂಡಿರಲಿಲ್ಲ. ತಾರೀಕು ಹಾಕಿ, ಅಪ್ಪ ಹೇಳಿದ್ದು ಮೂವತ್ತೆರಡು ಸೆಂಟ್ ಎಂದು ಬರೆದೆ.